ಬಳಸಿದ ಸೂಪರ್ ಟೆಲಿಫೋಟೊ ಮಸೂರಗಳ ಖರೀದಿ

ಸೂಪರ್ ಟೆಲಿಫೋಟೊ ಮಸೂರವೆಂದರೆ ಬಹುದೂರದ ವಸ್ತುವನ್ನು ದೊಡ್ಡದಾಗಿ ಸೆರೆಹಿಡಿಯಲು ಕ್ಯಾಮೆರಾಕ್ಕೆ ಜೋಡಿಸುವ, ದೀರ್ಘ ಸಂಗಮದೂರವುಳ್ಳ ಮಸೂರ. 35 ಮಿ.ಮೀ. ಫಿಲಂ ಅಥವಾ ಅದೇ ಅಳತೆಯ ಪೂರ್ಣಚೌಕಟ್ಟಿನ ಸಂವೇದಕವಿರುವ ಕ್ಯಾಮೆರಾದಲ್ಲಿ 300 ಮಿ.ಮೀ. ಹಾಗೂ ಅದಕ್ಕಿಂತ ಹೆಚ್ಚಿನ ಸಂಗಮದೂರದ ಮಸೂರಗಳನ್ನು ಈ ಹೆಸರಿನಿಂದ ಕರೆಯುವುದು ರೂಢಿ. ಪಕ್ಷಿ ಛಾಯಾಗ್ರಹಣದಲ್ಲಿ ಇವು ಬಹುಮಟ್ಟಿಗೆ ಅನಿವಾರ್ಯ. ಈ ವರ್ಗದ ದೊಡ್ಡ ಹೊಸ ಮಸೂರಗಳಿಗೆ ಹಲವು ಲಕ್ಷ ರೂಪಾಯಿ ಬೆಲೆಯಿರುವುದರಿಂದ ಹವ್ಯಾಸಿಗಳಲ್ಲಿ ಅನೇಕರು ಒಮ್ಮೆ ಬಳಸಿದ, ಅಂದರೆ ಸೆಕೆಂಡ್ ಹ್ಯಾಂಡ್ ಮಸೂರಗಳನ್ನು ಕೊಳ್ಳುತ್ತಾರೆ. ಇಂತಹ ಖರೀದಿಯಲ್ಲಿ ಮಸೂರದ ವಯಸ್ಸಿಗಿಂತಲೂ ಅದು ಕೆಟ್ಟರೆ ದುರಸ್ತಿಯಾಗುವುದೇ ಎಂಬ ಪ್ರಶ್ನೆಯೇ ಮುಖ್ಯವಾದುದು.

## ರಚನೆ ಮತ್ತು ತತ್ತ್ವ

ಸರಳ ಪೀನ ಮಸೂರವೊಂದರಿಂದ 500 ಮಿ.ಮೀ. ಸಂಗಮದೂರವನ್ನು ಪಡೆಯಬೇಕಾದರೆ ಮಸೂರದಿಂದ ಸಂವೇದಕದವರೆಗೆ ಸುಮಾರು ಅರ್ಧ ಮೀಟರ್ ಅಂತರ ಬೇಕಾಗುತ್ತದೆ. ಮುಂಭಾಗದಲ್ಲಿ ಬೆಳಕನ್ನು ಕೇಂದ್ರೀಕರಿಸುವ ಬಿಲ್ಲೆಗಳ ಗುಂಪನ್ನೂ ಹಿಂಭಾಗದಲ್ಲಿ ಬೆಳಕನ್ನು ತುಸು ಹರಡುವ ಗುಂಪನ್ನೂ ಇಟ್ಟರೆ ಮಸೂರದ ಉದ್ದವು ಸಂಗಮದೂರಕ್ಕಿಂತ ಕಡಿಮೆಯಾಗುತ್ತದೆ. ಇದೇ ಟೆಲಿಫೋಟೊ ರಚನೆ. ಇಂಗ್ಲೆಂಡಿನ ಥಾಮಸ್ ರುಡಾಲ್ಫಸ್ ಡಾಲ್‌ಮೇಯರ್ 1891ರಲ್ಲಿ ಇಂತಹ ಮಸೂರಕ್ಕೆ ಪೇಟೆಂಟ್ ಪಡೆದನು.

ಮಸೂರದ ಹೆಸರಿನಲ್ಲಿ ಎರಡು ಸಂಖ್ಯೆಗಳು ಮುಖ್ಯ. ಮೊದಲನೆಯದು ಸಂಗಮದೂರ, ಎರಡನೆಯದು ಎಫ್-ಸಂಖ್ಯೆ. ಸಂಗಮದೂರವನ್ನು ಎಫ್-ಸಂಖ್ಯೆಯಿಂದ ಭಾಗಿಸಿದರೆ ಬೆಳಕಿನ ಪ್ರವೇಶದ್ವಾರದ ವ್ಯಾಸ ದೊರೆಯುತ್ತದೆ. 500 ಮಿ.ಮೀ. ಎಫ್/4 ಮಸೂರಕ್ಕೆ ಇದು 125 ಮಿ.ಮೀ., 600 ಮಿ.ಮೀ. ಎಫ್/4 ಮಸೂರಕ್ಕೆ 150 ಮಿ.ಮೀ., 400 ಮಿ.ಮೀ. ಎಫ್/5.6 ಮಸೂರಕ್ಕೆ ಸುಮಾರು 71 ಮಿ.ಮೀ. ಮಾತ್ರ. ದೊಡ್ಡ ಮಸೂರಗಳ ತೂಕಕ್ಕೂ ಬೆಲೆಗೂ ಮುಂಭಾಗದ ಈ ಅಗಲವಾದ ಗಾಜೇ ಮುಖ್ಯ ಕಾರಣ. ಎಫ್/4ರಿಂದ ಎಫ್/5.6ಕ್ಕೆ ಹೋದರೆ ಒಳಬರುವ ಬೆಳಕು ಅರ್ಧಕ್ಕಿಳಿಯುತ್ತದೆ.

ಸಂಗಮದೂರದ ಪರಿಣಾಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಕಿರು ಮಿಂಚುಳ್ಳಿಯ ಉದ್ದ ಸುಮಾರು 17 ಸೆಂ.ಮೀ. ಅದು 20 ಮೀಟರ್ ದೂರದಲ್ಲಿ ಕುಳಿತಿದ್ದರೆ 500 ಮಿ.ಮೀ. ಮಸೂರವು ಸಂವೇದಕದ ಮೇಲೆ ಮೂಡಿಸುವ ಅದರ ಬಿಂಬ ಸುಮಾರು 4.3 ಮಿ.ಮೀ. ಉದ್ದವಿರುತ್ತದೆ. 400 ಮಿ.ಮೀ. ಮಸೂರದಲ್ಲಿ ಅದು ಸುಮಾರು 3.5 ಮಿ.ಮೀ. ಪೂರ್ಣಚೌಕಟ್ಟಿನ ಸಂವೇದಕದ ಅಗಲ 36 ಮಿ.ಮೀ. ಎಂಬುದನ್ನು ಗಮನಿಸಿದರೆ ಸಣ್ಣ ಹಕ್ಕಿಗಳ ಮಟ್ಟಿಗೆ ಯಾವ ಮಸೂರವೂ ಸಾಲದೆಂಬುದು ಸ್ಪಷ್ಟ. ಹಕ್ಕಿಯ ಸ್ವಭಾವವನ್ನರಿತು, ಅದಕ್ಕೆ ಭಯವಾಗದಂತೆ ಕಾಯುವ ತಾಳ್ಮೆಯೇ ಉಳಿದ ಕೊರತೆಯನ್ನು ತುಂಬುತ್ತದೆ.

## ಬಳಸಿದ ಮಸೂರಗಳು ದೊರೆಯಲು ಕಾರಣ

ಕ್ಯಾನನ್ ಸಂಸ್ಥೆ 1987ರಲ್ಲಿ ಇಎಫ್ ಮೌಂಟನ್ನು ಆರಂಭಿಸಿತು. ನಿಕಾನ್ ಸಂಸ್ಥೆಯ ಎಫ್ ಮೌಂಟ್ 1959ರಷ್ಟು ಹಳೆಯದು. ಕ್ಯಾನನ್ 1999ರಲ್ಲಿ 300, 400, 500 ಹಾಗೂ 600 ಮಿ.ಮೀ.ಗಳ ತನ್ನ ದೊಡ್ಡ ಮಸೂರಗಳಿಗೆ ಕಂಪನ ನಿವಾರಕವನ್ನು ಅಳವಡಿಸಿತು. ಕೈಯ ನಡುಕವನ್ನು ಒಳಗಿನ ಬಿಲ್ಲೆಯೊಂದರ ಚಲನೆಯಿಂದ ಸರಿದೂಗಿಸುವ ಈ ವ್ಯವಸ್ಥೆಯು ಮುಂದೆ ಈ ವರ್ಗದ ಮಸೂರಗಳ ಸಾಮಾನ್ಯ ಲಕ್ಷಣವಾಯಿತು.

2018ರಲ್ಲಿ ಈ ಎರಡೂ ಸಂಸ್ಥೆಗಳು ಪೂರ್ಣಚೌಕಟ್ಟಿನ ಕನ್ನಡಿರಹಿತ ಕ್ಯಾಮೆರಾಗಳನ್ನು ಹೊಸ ಮೌಂಟ್‌ಗಳೊಂದಿಗೆ ಹೊರತಂದವು. ಅನಂತರ ಅನೇಕ ಛಾಯಾಗ್ರಾಹಕರು ಹೊಸ ವ್ಯವಸ್ಥೆಗೆ ಸಾಗಿ, ಡಿಎಸ್‌ಎಲ್‌ಆರ್ ಕಾಲದ ಮಸೂರಗಳನ್ನು ಮಾರಿದರು. ಆ ಮಸೂರಗಳ ದೃಕ್ ಗುಣಮಟ್ಟ ಇದರಿಂದ ಕುಗ್ಗಿಲ್ಲ. ಸೂಕ್ತ ಅಡಾಪ್ಟರ್ ಇದ್ದರೆ ಹೊಸ ಕ್ಯಾಮೆರಾಗಳಲ್ಲಿಯೂ ಅವು ಕೆಲಸಮಾಡುತ್ತವೆ. ಕೊಳ್ಳುವವರಿಗೆ ಇದು ಅನುಕೂಲ. ಆದರೆ ತಯಾರಿಕೆ ನಿಂತ ಮಸೂರದ ಬಿಡಿಭಾಗಗಳು ಕೆಲವು ವರ್ಷಗಳವರೆಗೆ ಮಾತ್ರ ದೊರೆಯುತ್ತವೆ ಎಂಬುದು ಇದರ ಇನ್ನೊಂದು ಮುಖ.

## ಸಾಮಾನ್ಯವಾಗಿ ದೊರೆಯುವ ಮಸೂರಗಳು

ಕೆಳಗಿನ ಪಟ್ಟಿಯಲ್ಲಿ ಬಳಸಿದ ಮಸೂರಗಳ ಮಾರುಕಟ್ಟೆಯಲ್ಲಿ ಪಕ್ಷಿ ಛಾಯಾಗ್ರಾಹಕರು ಅರಸುವ ಕೆಲವು ಮಾದರಿಗಳಿವೆ.

| ಮಸೂರ | ಬಿಡುಗಡೆ | ತೂಕ | ಕಂಪನ ನಿವಾರಕ |
|---|---|---|---|
| ಕ್ಯಾನನ್ ಇಎಫ್ 400 ಮಿ.ಮೀ. ಎಫ್/5.6 ಎಲ್ | 1993 | 1.25 ಕೆ.ಜಿ. | ಇಲ್ಲ |
| ಕ್ಯಾನನ್ ಇಎಫ್ 300 ಮಿ.ಮೀ. ಎಫ್/2.8 ಎಲ್ ಐಎಸ್ | 1999 | 2.55 ಕೆ.ಜಿ. | ಇದೆ |
| ಕ್ಯಾನನ್ ಇಎಫ್ 500 ಮಿ.ಮೀ. ಎಫ್/4 ಎಲ್ ಐಎಸ್ | 1999 | 3.87 ಕೆ.ಜಿ. | ಇದೆ |
| ಕ್ಯಾನನ್ ಇಎಫ್ 600 ಮಿ.ಮೀ. ಎಫ್/4 ಎಲ್ ಐಎಸ್ | 1999 | 5.36 ಕೆ.ಜಿ. | ಇದೆ |
| ನಿಕಾನ್ ಎಎಫ್-ಎಸ್ 500 ಮಿ.ಮೀ. ಎಫ್/4 ಜಿ ವಿಆರ್ | 2007 | 3.88 ಕೆ.ಜಿ. | ಇದೆ |
| ಕ್ಯಾನನ್ ಇಎಫ್ 500 ಮಿ.ಮೀ. ಎಫ್/4 ಎಲ್ ಐಎಸ್ 2 | 2012 | 3.19 ಕೆ.ಜಿ. | ಇದೆ |
| ನಿಕಾನ್ ಎಎಫ್-ಎಸ್ 200–500 ಮಿ.ಮೀ. ಎಫ್/5.6 ಇ ವಿಆರ್ | 2015 | 2.3 ಕೆ.ಜಿ. | ಇದೆ |
| ನಿಕಾನ್ ಎಎಫ್-ಎಸ್ 500 ಮಿ.ಮೀ. ಎಫ್/5.6 ಇ ಪಿಎಫ್ | 2018 | 1.46 ಕೆ.ಜಿ. | ಇದೆ |

ಪಟ್ಟಿಯ ಮೊದಲ ಮಸೂರವು ಕಂಪನ ನಿವಾರಕವಿಲ್ಲದಿದ್ದರೂ ಹಗುರವಾಗಿರುವುದರಿಂದ ಹಾರುವ ಹಕ್ಕಿಗಳ ಚಿತ್ರಣಕ್ಕೆ ಹೆಸರಾಗಿದೆ. ರಚನೆ ಸರಳವಾಗಿರುವುದರಿಂದ ಅದರಲ್ಲಿ ಕೆಡುವ ಭಾಗಗಳೂ ಕಡಿಮೆ. 1999ರ 500 ಮತ್ತು 600 ಮಿ.ಮೀ. ಮಸೂರಗಳ ಚಿತ್ರಗಳು ಇಂದಿಗೂ ಉತ್ತಮವೆನಿಸುತ್ತವೆ. ಆದರೆ ಅವುಗಳ ತೂಕಕ್ಕೆ ಗಟ್ಟಿಮುಟ್ಟಾದ ತ್ರಿಪಾದಿ ಹಾಗೂ ಗಿಂಬಲ್ ತಲೆ ಬೇಕು. ಕೊಳ್ಳುವಾಗ ಈ ಹೆಚ್ಚುವರಿ ವೆಚ್ಚವನ್ನೂ ಲೆಕ್ಕಕ್ಕೆ ಹಿಡಿಯಬೇಕು.

## ಆಯ್ಕೆಯ ಅಂಶಗಳು

### ಸ್ಥಳ ಮತ್ತು ಬೆಳಕು

ಅತ್ಯಂತ ಉದ್ದವಾದ ಮಸೂರವೇ ಎಲ್ಲೆಡೆಯೂ ಉತ್ತಮವೆಂಬುದು ತಪ್ಪು ಕಲ್ಪನೆ. ಕರ್ನಾಟಕದ ಪಕ್ಷಿತಾಣಗಳಿಂದಲೇ ಇದಕ್ಕೆ ನಿದರ್ಶನ ಕೊಡಬಹುದು. 1940ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ ರಂಗನತಿಟ್ಟಿನಲ್ಲಿ ದೋಣಿಯಿಂದ ಚಿತ್ರ ತೆಗೆಯಬೇಕಾಗುತ್ತದೆ. ಅಲುಗುವ ದೋಣಿಯಲ್ಲಿ ತ್ರಿಪಾದಿ ಪ್ರಯೋಜನಕ್ಕೆ ಬಾರದು. ಹಕ್ಕಿಗಳು ಸಮೀಪದಲ್ಲಿಯೇ ಇರುವುದರಿಂದ ಕೈಯಲ್ಲಿ ಹಿಡಿಯಬಹುದಾದ 400 ಮಿ.ಮೀ. ಮಸೂರ ಸಾಕು. ಕೊಕ್ಕರೆ ಬೆಳ್ಳೂರಿನಲ್ಲಿ ಊರಿನ ಮರಗಳ ಮೇಲೆಯೇ ಗೂಡುಕಟ್ಟುವ ಹೆಜ್ಜಾರ್ಲೆ ಹಾಗೂ ಬಣ್ಣದ ಕೊಕ್ಕರೆಗಳಿಗೆ ಇನ್ನೂ ಚಿಕ್ಕ ಮಸೂರವೂ ಸಾಕಾದೀತು. ಪಶ್ಚಿಮಘಟ್ಟದ ಗಣೇಶಗುಡಿಯಂತಹ ಕಾಡಿನ ನೆರಳಿನಲ್ಲಿ ದೂರಕ್ಕಿಂತ ಬೆಳಕಿನ ಕೊರತೆಯೇ ದೊಡ್ಡ ತೊಡಕು. ಅಲ್ಲಿ 300 ಮಿ.ಮೀ. ಎಫ್/2.8 ಮಸೂರವು ನಿಧಾನವಾದ ಜೂಮ್ ಮಸೂರಕ್ಕಿಂತ ಮೇಲು. ಬಯಲುಸೀಮೆಯ ಹುಲ್ಲುಗಾವಲುಗಳಲ್ಲಿಯೂ ವಿಶಾಲವಾದ ಕೆರೆಗಳ ಅಂಚಿನಲ್ಲಿಯೂ 500 ಅಥವಾ 600 ಮಿ.ಮೀ. ಮಸೂರ ನಿಜವಾಗಿ ನೆರವಾಗುತ್ತದೆ. ಆದರೆ ಬಿಸಿಲೇರಿದ ಮೇಲೆ ನೆಲದಿಂದೇಳುವ ಬಿಸಿಗಾಳಿಯ ಅಲೆಗಳು ದೂರದ ಚಿತ್ರವನ್ನು ಕಲಕುತ್ತವೆ. ಇದನ್ನು ಯಾವ ಮಸೂರವೂ ಸರಿಪಡಿಸಲಾರದು.

### ಟೆಲಿಕನ್ವರ್ಟರ್

ಮಸೂರಕ್ಕೂ ಕ್ಯಾಮೆರಾಕ್ಕೂ ನಡುವೆ ಜೋಡಿಸುವ ಟೆಲಿಕನ್ವರ್ಟರ್ ಸಂಗಮದೂರವನ್ನು 1.4 ಅಥವಾ 2 ಪಟ್ಟು ಹೆಚ್ಚಿಸುತ್ತದೆ. 1.4 ಪಟ್ಟಿನದು ಬೆಳಕನ್ನು ಅರ್ಧಕ್ಕೂ, 2 ಪಟ್ಟಿನದು ಕಾಲುಭಾಗಕ್ಕೂ ಇಳಿಸುತ್ತದೆ. 500 ಮಿ.ಮೀ. ಎಫ್/4 ಮಸೂರವು 1.4 ಪಟ್ಟಿನ ಕನ್ವರ್ಟರ್‌ನೊಂದಿಗೆ 700 ಮಿ.ಮೀ. ಎಫ್/5.6 ಆಗುತ್ತದೆ. ಅನೇಕ ಹಳೆಯ ಡಿಎಸ್‌ಎಲ್‌ಆರ್‌ಗಳಲ್ಲಿ ಎಫ್/5.6ಕ್ಕಿಂತ ನಿಧಾನವಾದ ಮಸೂರಗಳಿಗೆ ಸ್ವಯಂಚಾಲಿತ ಫೋಕಸ್ ಕೆಲಸಮಾಡುವುದಿಲ್ಲ. ಆದ್ದರಿಂದ 400 ಮಿ.ಮೀ. ಎಫ್/5.6 ಮಸೂರದೊಂದಿಗೆ ಕನ್ವರ್ಟರ್ ಬಳಸುವ ಉದ್ದೇಶವಿರುವವರು ತಮ್ಮ ಕ್ಯಾಮೆರಾದ ಸಾಮರ್ಥ್ಯವನ್ನು ಮೊದಲೇ ತಿಳಿದುಕೊಳ್ಳಬೇಕು.

### ಹೊಂದಾಣಿಕೆ

ಕ್ಯಾನನ್ ಇಎಫ್ ಮಸೂರಗಳು ಅದೇ ಸಂಸ್ಥೆಯ ಅಡಾಪ್ಟರ್ ಮೂಲಕ ಆರ್ ಸರಣಿಯ ಕ್ಯಾಮೆರಾಗಳಲ್ಲಿ ಫೋಕಸ್ ಸಹಿತ ಕೆಲಸಮಾಡುತ್ತವೆ. ನಿಕಾನ್ ಮಸೂರಗಳಲ್ಲಿ ಭೇದಗಳು ಹೆಚ್ಚು. ಮಸೂರದೊಳಗೆ ಮೋಟಾರ್ ಇಲ್ಲದ ಹಳೆಯ ಎಎಫ್ ಮಸೂರಗಳು ನಿಕಾನ್‌ನ ಎಫ್‌ಟಿಝಡ್ ಅಡಾಪ್ಟರ್‌ನೊಂದಿಗೆ ಸ್ವಯಂಚಾಲಿತವಾಗಿ ಫೋಕಸ್ ಆಗುವುದಿಲ್ಲ. ಇ ವರ್ಗದ ಮಸೂರಗಳ ಅಪರ್ಚರ್ ವಿದ್ಯುತ್ತಿನಿಂದ ನಿಯಂತ್ರಿತವಾಗುವುದರಿಂದ ಹಳೆಯ ಕೆಲವು ನಿಕಾನ್ ಕ್ಯಾಮೆರಾಗಳಲ್ಲಿ ಅದನ್ನು ಬದಲಿಸಲಾಗದು.

## ಪರೀಕ್ಷೆಯ ಕ್ರಮ

ಮಸೂರವನ್ನು ಕಣ್ಣಾರೆ ನೋಡಿ, ತನ್ನದೇ ಕ್ಯಾಮೆರಾದಲ್ಲಿ ಪರೀಕ್ಷಿಸಿದ ಬಳಿಕವೇ ಕೊಳ್ಳುವುದು ಕ್ಷೇಮ. ಹಗಲಿನಲ್ಲಿ, ಕನಿಷ್ಠ ಒಂದು ಗಂಟೆಯ ಬಿಡುವು ಮಾಡಿಕೊಂಡು, ಲ್ಯಾಪ್‌ಟಾಪ್ ಹಾಗೂ ಸಣ್ಣ ಟಾರ್ಚ್ ಜೊತೆಗಿಟ್ಟುಕೊಂಡು ಹೋಗಬೇಕು.

### ಹೊರಮೈ

ಬಣ್ಣ ಕಿತ್ತಿರುವುದು, ತ್ರಿಪಾದಿಯ ಕಾಲು ಸವೆದಿರುವುದು ಬಳಕೆಯ ಗುರುತುಗಳಷ್ಟೆ. ಇವುಗಳಿಂದ ಬೆಲೆ ತಗ್ಗುತ್ತದೆಯೇ ಹೊರತು ಚಿತ್ರ ಕೆಡುವುದಿಲ್ಲ. ಆದರೆ ಮುಂಭಾಗದ ಅಂಚಿನಲ್ಲಿ ತಗ್ಗು ಬಿದ್ದಿರುವುದು, ಮೌಂಟಿನಲ್ಲಿ ಸಡಿಲವಿರುವುದು, ತಿರುಪುಗಳ ತಲೆಯ ಮೇಲೆ ಸ್ಕ್ರೂಡ್ರೈವರ್ ಜಾರಿದ ಗೀರುಗಳಿರುವುದು ಗಂಭೀರ ಸೂಚನೆಗಳು. ಮೊದಲೆರಡು ಮಸೂರವು ಬಿದ್ದಿರಬಹುದೆಂಬುದನ್ನೂ, ಮೂರನೆಯದು ಯಾರೋ ಬಿಚ್ಚಿದ್ದಾರೆಂಬುದನ್ನೂ ಸೂಚಿಸುತ್ತವೆ. ಕಂಪನ ನಿವಾರಕವಿರುವ ಕೆಲವು ಮಸೂರಗಳನ್ನು ಕ್ಯಾಮೆರಾದಿಂದ ತೆಗೆದು ಅಲುಗಿಸಿದಾಗ ಒಳಗೆ ಮೆಲುವಾದ ಸದ್ದು ಕೇಳುವುದು ಸಹಜ. ಅದನ್ನು ದೋಷವೆಂದು ಭಾವಿಸಬೇಕಾಗಿಲ್ಲ.

ಹುಡ್, ಮುಂಭಾಗದ ಮುಚ್ಚಳ, ಪೆಟ್ಟಿಗೆ ಹಾಗೂ ಹಿಂಬದಿಯ ಫಿಲ್ಟರ್ ತಟ್ಟೆ ಇವೆಯೇ ಎಂದು ನೋಡಬೇಕು. ದೊಡ್ಡ ಮಸೂರಗಳ ಹುಡ್ ಬಿಡಿಯಾಗಿ ದುಬಾರಿ. ಅನೇಕ ದೊಡ್ಡ ಮಸೂರಗಳಲ್ಲಿ ಫಿಲ್ಟರ್ ತಟ್ಟೆಯ ಗಾಜು ದೃಕ್ ರಚನೆಯದೇ ಭಾಗವಾಗಿರುತ್ತದೆ. ಅದು ಕಾಣೆಯಾಗಿದ್ದರೆ ಆ ಸೀಳಿನಿಂದ ಬೆಳಕೂ ದೂಳೂ ಒಳನುಗ್ಗುತ್ತವೆ.

### ಗಾಜು

ಎರಡೂ ಕಡೆಯ ಮುಚ್ಚಳಗಳನ್ನು ತೆಗೆದು, ಒಂದು ತುದಿಯಿಂದ ಟಾರ್ಚ್ ಬೆಳಕನ್ನು ಓರೆಯಾಗಿ ಹಾಯಿಸಿ ಇನ್ನೊಂದು ತುದಿಯಿಂದ ನೋಡಬೇಕು. ಆಗ ಕಾಣಬಹುದಾದ ದೋಷಗಳು ಹೀಗಿವೆ:

* ದೂಳು: ಹಳೆಯ ಮಸೂರಗಳಲ್ಲೆಲ್ಲ ಸ್ವಲ್ಪ ಇರುತ್ತದೆ. ಚಿತ್ರದ ಮೇಲೆ ಪರಿಣಾಮ ಬಹುತೇಕ ಇಲ್ಲ.
* ಗೀರು: ಮುಂಭಾಗದ ಗಾಜಿನ ಸಣ್ಣ ಗೀರು ಹೆಚ್ಚು ಬಾಧಿಸದು. ಹಿಂಭಾಗದ ಗಾಜಿನ ಗೀರು ಹೆಚ್ಚು ತೊಂದರೆ ಕೊಡುತ್ತದೆ.
* ಶಿಲೀಂಧ್ರ: ಜೇಡರಬಲೆಯಂತೆ ಕವಲೊಡೆದ ಎಳೆಗಳು. ಇದನ್ನು ಮುಂದೆ ಪ್ರತ್ಯೇಕವಾಗಿ ವಿವರಿಸಿದೆ.
* ಮಬ್ಬು: ಗಾಜಿನ ಮೇಲೆ ಉಸಿರು ಬಿಟ್ಟಂತೆ ಕಾಣುವ ತೆಳುಪದರ. ಎದುರುಬೆಳಕಿನಲ್ಲಿ ಚಿತ್ರವು ಮಂಕಾಗುತ್ತದೆ.
* ಅಂಟು ಬಿಡುವಿಕೆ: ಒಂದಕ್ಕೊಂದು ಅಂಟಿಸಿದ ಬಿಲ್ಲೆಗಳು ಬೇರ್ಪಡತೊಡಗಿದಾಗ ಅಂಚಿನಲ್ಲಿ ಕಾಮನಬಿಲ್ಲಿನಂತಹ ಬಣ್ಣದ ಪಟ್ಟೆಗಳು ಕಾಣುತ್ತವೆ. ಇದರ ದುರಸ್ತಿ ಬಹಳ ಕಷ್ಟ.

### ಫೋಕಸ್ ಮೋಟಾರ್ ಮತ್ತು ಕಂಪನ ನಿವಾರಕ

ಅತಿ ಸಮೀಪದಿಂದ ಅನಂತದವರೆಗೆ ಇಪ್ಪತ್ತು ಮೂವತ್ತು ಬಾರಿಯಾದರೂ ಫೋಕಸ್ ಮಾಡಿಸಿ ನೋಡಬೇಕು. ಮೋಟಾರ್ ಕೀಚಲು ಸದ್ದು ಮಾಡುವುದು, ತಡೆದು ತಡೆದು ಚಲಿಸುವುದು, ಒಮ್ಮೊಮ್ಮೆ ನಿಂತೇಹೋಗುವುದು ಅದು ಸವೆದಿರುವ ಲಕ್ಷಣ. ಕಂಪನ ನಿವಾರಕವನ್ನು ಚಾಲೂಮಾಡಿ ಶಟರ್ ಗುಂಡಿಯನ್ನು ಅರ್ಧ ಒತ್ತಿದಾಗ ನೋಟವು ಒಂದು ಕ್ಷಣದಲ್ಲಿ ಸ್ಥಿರವಾಗಬೇಕು. ಬಿಂಬ ಜಿಗಿದರೆ ಅಥವಾ ಒಂದೇ ಕಡೆಗೆ ಜಾರಿದರೆ ದೋಷವಿದೆಯೆಂದು ತಿಳಿಯಬೇಕು.

ಕ್ಯಾನನ್‌ನ ಕೆಲವು ಹಳೆಯ ಮಸೂರಗಳ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. 1992ರ ಇಎಫ್ 500 ಮಿ.ಮೀ. ಎಫ್/4.5 ಎಲ್ ಅಂತಹ ಒಂದು ಮಸೂರ. ಇದರಲ್ಲಿ ಕೈಯಿಂದ ತಿರುಗಿಸುವ ಫೋಕಸ್ ಬಳೆಯೂ ಮೋಟಾರಿನ ಮೂಲಕವೇ ಕೆಲಸಮಾಡುತ್ತದೆ. ಮೋಟಾರ್ ಕೆಟ್ಟರೆ ಕೈಯಿಂದಲೂ ಫೋಕಸ್ ಮಾಡಲಾಗದು. ಬಿಡಿಭಾಗ ದೊರೆಯದಿದ್ದಲ್ಲಿ ಸುಸ್ಥಿತಿಯ ಗಾಜಿದ್ದೂ ಮಸೂರ ನಿರುಪಯುಕ್ತವಾಗುತ್ತದೆ.

### ಚಿತ್ರದ ಪರೀಕ್ಷೆ

ಗೋಡೆಗೆ ಅಂಟಿಸಿದ ದಿನಪತ್ರಿಕೆಯ ಹಾಳೆ ಉತ್ತಮ ಪರೀಕ್ಷಾಫಲಕ. ಕ್ಯಾಮೆರಾವನ್ನು ತ್ರಿಪಾದಿಯ ಮೇಲಿಟ್ಟು, ಅಪರ್ಚರನ್ನು ಪೂರ್ಣ ತೆರೆದು, ಹಾಳೆಗೆ ನೇರವಾಗಿ ನಿಂತು ಚಿತ್ರ ತೆಗೆಯಬೇಕು. ಲ್ಯಾಪ್‌ಟಾಪಿನಲ್ಲಿ ದೊಡ್ಡದುಮಾಡಿ ನೋಡಿದಾಗ ಎಡ, ಬಲ ಅಂಚುಗಳು ಒಂದೇ ಪ್ರಮಾಣದಲ್ಲಿ ಸ್ಫುಟವಾಗಿರಬೇಕು. ಒಂದು ಬದಿ ಮಾತ್ರ ಮಸುಕಾಗಿದ್ದರೆ ಒಳಗಿನ ಬಿಲ್ಲೆ ಸ್ಥಾನಪಲ್ಲಟವಾಗಿರುವ ಸಂಭವವಿದೆ. ಡಿಎಸ್‌ಎಲ್‌ಆರ್ ಆದರೆ ವ್ಯೂಫೈಂಡರಿನಲ್ಲಿ ನೋಡಿ ತೆಗೆದ ಚಿತ್ರವನ್ನೂ ಲೈವ್ ವ್ಯೂನಲ್ಲಿ ತೆಗೆದ ಚಿತ್ರವನ್ನೂ ಹೋಲಿಸಬೇಕು. ಎರಡನೆಯದು ಮಾತ್ರ ಸ್ಫುಟವಾಗಿದ್ದರೆ ಫೋಕಸ್ ಮುಂದಕ್ಕೋ ಹಿಂದಕ್ಕೋ ಸರಿದಿದೆ ಎಂದರ್ಥ. ಅನೇಕ ಕ್ಯಾಮೆರಾಗಳಲ್ಲಿ ಇದನ್ನು ಸೂಕ್ಷ್ಮ ಹೊಂದಾಣಿಕೆಯಿಂದ ಸರಿಪಡಿಸಬಹುದು. ಕೊನೆಗೆ, ದೂರದ ಮರವೊಂದರ ಚಿತ್ರವನ್ನೂ ತೆಗೆದು ನೋಡಬೇಕು. ಹತ್ತಿರದಲ್ಲಿ ಸರಿಯಿರುವ ಮಸೂರವು ದೂರದಲ್ಲಿಯೂ ಸರಿಯಿರಬೇಕೆಂದಿಲ್ಲ.

## ಶಿಲೀಂಧ್ರದ ತೊಂದರೆ

ಬೂಷ್ಟು ಎಂದು ಆಡುಮಾತಿನಲ್ಲಿ ಕರೆಯುವ ಶಿಲೀಂಧ್ರವು ತೇವ, ಕತ್ತಲೆ ಹಾಗೂ ಗಾಳಿಯಾಡದ ಸ್ಥಳದಲ್ಲಿ ಬೆಳೆಯುತ್ತದೆ. ಮಲೆನಾಡು ಮತ್ತು ಕರಾವಳಿಯಲ್ಲಿ ಮಳೆಗಾಲದ ಸಾಪೇಕ್ಷ ಆರ್ದ್ರತೆ ಶೇ. 80ನ್ನು ಮೀರುವುದು ಸಾಮಾನ್ಯ. ಇಂತಹ ದಿನಗಳಲ್ಲಿ ಚರ್ಮದ ಅಥವಾ ಬಟ್ಟೆಯ ಚೀಲದಲ್ಲಿ ತಿಂಗಳುಗಟ್ಟಲೆ ಇಟ್ಟ ಮಸೂರಕ್ಕೆ ಶಿಲೀಂಧ್ರ ಹಿಡಿಯುವುದು ಬಹುಮಟ್ಟಿಗೆ ನಿಶ್ಚಿತ. ಆದ್ದರಿಂದ ಅತಿ ಕಡಿಮೆ ಬಳಸಿದ್ದೆಂದು ಮಾರುವ ಮಸೂರವು ನಿತ್ಯ ಬಳಕೆಯ ಮಸೂರಕ್ಕಿಂತ ಉತ್ತಮ ಸ್ಥಿತಿಯಲ್ಲಿರುತ್ತದೆ ಎಂದು ಹೇಳಲಾಗದು.

ಆರಂಭದ ಹಂತದ ಶಿಲೀಂಧ್ರವನ್ನು ನುರಿತ ತಂತ್ರಜ್ಞರು ತೆಗೆಯಬಲ್ಲರು. ಬಹುಕಾಲ ಉಳಿದ ಶಿಲೀಂಧ್ರವು ಗಾಜಿನ ಲೇಪನವನ್ನು ಕೊರೆದು ಶಾಶ್ವತ ಕಲೆಯನ್ನುಳಿಸುತ್ತದೆ. ಮಸೂರವನ್ನು ಮೂಸಿದಾಗ ಮುಗ್ಗುಲು ವಾಸನೆ ಬರುವುದೂ ಒಂದು ಎಚ್ಚರಿಕೆ. ಕೊಂಡ ಮೇಲೆ ಆರ್ದ್ರತೆ ಶೇ. 40ರಿಂದ 50ರ ಮಿತಿಯಲ್ಲಿರುವ ಒಣಪೆಟ್ಟಿಗೆಯಲ್ಲಿ ಇಡುವುದು ಸೂಕ್ತ. ಅದಿಲ್ಲದವರು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಬಹುದು. ಸಿಲಿಕಾ ಜೆಲ್ ತೇವ ಹೀರಿಕೊಂಡ ಬಳಿಕ ಅದನ್ನು ಬಿಸಿಮಾಡಿ ಮತ್ತೆ ಬಳಸಬೇಕು.

## ದುರಸ್ತಿಯ ಸಾಧ್ಯತೆ

ಖರೀದಿಗೆ ಮುನ್ನ ತಯಾರಕರ ಅಧಿಕೃತ ಸೇವಾಕೇಂದ್ರಕ್ಕೆ ಕರೆಮಾಡಿ, ಆ ಮಾದರಿಯನ್ನು ಈಗಲೂ ದುರಸ್ತಿಗೆ ಸ್ವೀಕರಿಸುತ್ತಾರೆಯೇ ಎಂದು ಕೇಳುವುದು ಅಗತ್ಯ. ಇದಕ್ಕೆ ಖರ್ಚಿಲ್ಲ. ಸ್ವೀಕರಿಸುವುದಾದರೆ ಕೊಳ್ಳುವ ಮೊದಲು ಅಲ್ಲಿಯೇ ತಪಾಸಣೆ ಮಾಡಿಸಬಹುದು. ತಪಾಸಣೆಗೆ ಮಾರುವವರು ಒಪ್ಪದಿದ್ದರೆ ಅದೂ ಒಂದು ಉತ್ತರವೇ.

ತಯಾರಿಕೆಯ ವರ್ಷವನ್ನು ಅರಿಯಲು ಕ್ಯಾನನ್‌ನ ಅನೇಕ ಹಳೆಯ ಮಸೂರಗಳ ಹಿಂಬದಿಯಲ್ಲಿ ಎರಡು ಇಂಗ್ಲಿಷ್ ಅಕ್ಷರಗಳಿಂದ ಆರಂಭವಾಗುವ ಸಂಕೇತವಿರುತ್ತದೆ. ಮೊದಲ ಅಕ್ಷರವು ಕಾರ್ಖಾನೆಯನ್ನು, ಎರಡನೆಯದು ವರ್ಷವನ್ನು ಸೂಚಿಸುತ್ತದೆ. 'ಯು' ಎಂದರೆ ಜಪಾನಿನ ಉತ್ಸುನೊಮಿಯ ಕಾರ್ಖಾನೆ. 1986ಕ್ಕೆ 'ಎ' ಎಂದು ಎಣಿಕೆ ಆರಂಭಿಸಿದರೆ 2003ಕ್ಕೆ 'ಆರ್' ಬರುತ್ತದೆ.

ದುರಸ್ತಿಯಾಗದ ಮಸೂರವನ್ನು ಕೊಳ್ಳಲೇಬಾರದೆಂದಿಲ್ಲ. ಆದರೆ ಅದರ ಬೆಲೆಯನ್ನು ಪೂರ್ತಿ ಕಳೆದುಕೊಂಡರೂ ತಾಳಿಕೊಳ್ಳಬಲ್ಲೆನೇ ಎಂದು ಕೊಳ್ಳುವವರು ಯೋಚಿಸಬೇಕು. ಅನೇಕ ತಿಂಗಳುಗಳ ಉಳಿತಾಯವನ್ನು ವ್ಯಯಿಸುವ ವಿದ್ಯಾರ್ಥಿಗೆ, ದುರಸ್ತಿ ಸಾಧ್ಯವಿರುವ ಚಿಕ್ಕ ಮಸೂರವು ದುರಸ್ತಿಯಿಲ್ಲದ ದೊಡ್ಡ ಮಸೂರಕ್ಕಿಂತ ಹಿತ.

## ಕಾನೂನು ಮತ್ತು ವಂಚನೆ

ಭಾರತದ 1930ರ ಸರಕು ಮಾರಾಟ ಕಾಯಿದೆಯ ಪ್ರಕಾರ, ಮಾರುವವನಿಗೆ ಇಲ್ಲದ ಹಕ್ಕು ಸಾಮಾನ್ಯವಾಗಿ ಕೊಳ್ಳುವವನಿಗೆ ದೊರೆಯುವುದಿಲ್ಲ. ಹೀಗಾಗಿ ಕಳವಿನ ಮಸೂರವನ್ನು ಹಣ ಕೊಟ್ಟು ಕೊಂಡರೂ ಅದು ನಿಜವಾದ ಒಡೆಯನಿಗೆ ಸೇರುತ್ತದೆ. ಕಳವಿನ ವಸ್ತುವೆಂದು ತಿಳಿದೋ, ಹಾಗೆ ನಂಬಲು ಕಾರಣವಿದ್ದೋ ಪಡೆಯುವುದು ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಡಿ ಅಪರಾಧ. ಮೂಲ ರಸೀದಿ, ಅದರಲ್ಲಿರುವ ಕ್ರಮಸಂಖ್ಯೆ ಹಾಗೂ ಮಸೂರದ ಮೇಲಿನ ಕ್ರಮಸಂಖ್ಯೆ ಒಂದೇ ಆಗಿರುವುದನ್ನು ನೋಡಬೇಕು. ರಸೀದಿಯಿಲ್ಲದಿದ್ದರೆ ಕ್ರಮಸಂಖ್ಯೆ, ಬೆಲೆ ಮತ್ತು ದಿನಾಂಕವನ್ನು ನಮೂದಿಸಿ ಮಾರುವವರಿಂದ ಸಹಿ ಪಡೆಯಬೇಕು.

ಅಂಗಡಿಯಿಂದ ಸ್ವಂತ ಬಳಕೆಗಾಗಿ ಕೊಂಡವರಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ನೆರವುಂಟು. ವ್ಯಾಪಾರಿಯಲ್ಲದ ವ್ಯಕ್ತಿಯಿಂದ ಕೊಂಡಾಗ ಈ ರಕ್ಷಣೆಯನ್ನು ನೆಚ್ಚಿಕೊಳ್ಳಲಾಗದು. ಮಾರುಕಟ್ಟೆಗಿಂತ ತೀರ ಕಡಿಮೆ ಬೆಲೆ ಹೇಳುವವರು, ವಸ್ತು ತೋರಿಸದೆ ಮುಂಗಡ ಕೇಳುವವರು, ಹಣ ಪಡೆಯಲೆಂದು ಕ್ಯೂಆರ್ ಸಂಕೇತ ಸ್ಕ್ಯಾನ್ ಮಾಡಿಸುವವರು ವಂಚಕರಾಗಿರುವ ಸಂಭವ ಹೆಚ್ಚು. ಹಣ ಪಡೆಯಲು ಎಂದಿಗೂ ಯುಪಿಐ ಪಿನ್ ಬೇಕಾಗಿಲ್ಲ. ವಂಚನೆಗೊಳಗಾದವರು ಕೂಡಲೇ 1930 ಸಂಖ್ಯೆಯ ರಾಷ್ಟ್ರೀಯ ಸಹಾಯವಾಣಿಗೆ ದೂರು ನೀಡಬಹುದು.

## ಹಕ್ಕಿಗಳ ಸುರಕ್ಷೆ

ದೀರ್ಘ ಮಸೂರದ ನಿಜವಾದ ಪ್ರಯೋಜನವೆಂದರೆ ಹಕ್ಕಿಯಿಂದ ದೂರವಿರುವ ಅವಕಾಶ. 400 ಮಿ.ಮೀ. ಮಸೂರದಲ್ಲಿ 20 ಮೀಟರಿನಿಂದ ದೊರೆಯುವಷ್ಟೇ ದೊಡ್ಡ ಬಿಂಬವು 600 ಮಿ.ಮೀ. ಮಸೂರದಲ್ಲಿ 30 ಮೀಟರಿನಿಂದಲೇ ದೊರೆಯುತ್ತದೆ. ಗೂಡಿನಲ್ಲಿರುವ ಹಕ್ಕಿಯನ್ನು ಸಮೀಪಿಸಿದರೆ ಅದು ಮೊಟ್ಟೆ, ಮರಿಗಳನ್ನು ಬಿಟ್ಟುಹೋಗಬಹುದು. ಆಗ ಅವು ಬಿಸಿಲಿಗೂ ಕಾಗೆಗಳಿಗೂ ತುತ್ತಾಗುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಗೆ ಕೊಟ್ಟಿರುವ ವ್ಯಾಖ್ಯೆಯಲ್ಲಿ ಪಕ್ಷಿಗಳ ಮೊಟ್ಟೆಗಳಿಗೆ ಹಾನಿ ಮಾಡುವುದೂ, ಮೊಟ್ಟೆ ಅಥವಾ ಗೂಡುಗಳಿಗೆ ತೊಂದರೆ ಕೊಡುವುದೂ ಸೇರಿವೆ.

ಮೂಡಿಗೆರೆಯಲ್ಲಿ ನೆಲೆಸಿದ್ದ ಸಾಹಿತಿ ಕೆ. ಪಿ. ಪೂರ್ಣಚಂದ್ರ ತೇಜಸ್ವಿ, ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ ಮೊದಲಾದವರು ಫಿಲಂ ಕಾಲದಲ್ಲಿಯೇ ಪಕ್ಷಿಗಳ ಚಿತ್ರ ತೆಗೆದವರು. ಒಂದು ಫಿಲಂ ಸುರುಳಿಯಲ್ಲಿ 36 ಚಿತ್ರಗಳಷ್ಟೇ ಮೂಡುತ್ತಿದ್ದ ಆ ದಿನಗಳಲ್ಲಿ ಹಕ್ಕಿಯ ನಡೆನುಡಿಯನ್ನು ಮೊದಲು ಅರಿಯದೆ ಗತ್ಯಂತರವಿರಲಿಲ್ಲ. ಕೊಂಡ ಮಸೂರ ಹೊಸದಿರಲಿ, ಹಳೆಯದಿರಲಿ, ಈ ಅರಿವು ಇಂದಿಗೂ ಅಷ್ಟೇ ಅಗತ್ಯ.

## ಇವನ್ನೂ ನೋಡಿ

* ಮಸೂರ
* ಛಾಯಾಗ್ರಹಣ
* ಪಕ್ಷಿ ವೀಕ್ಷಣೆ
* ರಂಗನತಿಟ್ಟು ಪಕ್ಷಿಧಾಮ
* ಕೊಕ್ಕರೆ ಬೆಳ್ಳೂರು